ಹದಿನಾರು ತುಳಸವ್ವ

ಅಥಣಿ ಬಳಿಯ ಅನಂತಪುರದ ದ್ರಾಕ್ಷಿ ಬೆಳೆಗಾರರ ಸಂಘದ ಸಭಾಭವನದ ಮುಂಗೋಡೆಗೆ ಭೋಜ ಊರಿನ ಶುಭಾಂಗಿ ಎರಡು ತಿಂಗಳು ಬಿದಿರಿನ ಪರಾಂಚಿ ಕಟ್ಟಿಕೊಂಡು ಅದರ ಮೇಲೆ ನಿಂತು ಮೂವತ್ತೆರಡು ಅಡಿ ಉದ್ದದ ಚಿತ್ರ ಬಿಡಿಸಿದಳು. ಉದ್ಘಾಟನೆಯ ದಿನ ಆ ಗೋಡೆಯ ಪಕ್ಕದ ಕರಿಕಲ್ಲಿನ ಮೇಲೆ ಎರಡು ಸಾಲು ಕೆತ್ತಿದ್ದರು. ಪರಿಕಲ್ಪನೆ: ಈಶ್ವರ ಮುರಗೆಪ್ಪ ಮಗದುಮ್. ಬಣ್ಣ: ಕೂಲಿಕಾರರು.

ಶುಭಾಂಗಿ ಆ ಎರಡು ಸಾಲನ್ನು ಮೂರು ಸಲ ಓದಿದಳು.

ಬೆನ್ನ ಹಿಂದೆ ಬೈಕೊಂದು ಬಂದು ನಿಂತಿತು.

"ಶುಭಾಂಗಿ... ಮುಗಸೇ ಬಿಟ್ರಿ? ಖರೇನ ಮುಗಸೇ ಬಿಟ್ರಿ..."

ಈಶ್ವರ. ಹತ್ತು ದಿನ ಪುಣೆಯಲ್ಲಿ ದ್ರಾಕ್ಷಿ ತರಬೇತಿಗೆ ಹೋಗಿದ್ದವನು ನೇರವಾಗಿ ಇಲ್ಲಿಗೇ ಬಂದಿದ್ದ. ಹೆಲ್ಮೆಟ್ಟು ಕೈಯಲ್ಲಿ, ಹುಬ್ಬಿನ ತುಂಬ ಧೂಳು, ಕಣ್ಣು ಗೋಡೆಯ ಮೇಲೆ. ಆ ದನಿಗಾಗಿ ಅವಳು ಹತ್ತು ದಿನ ಕಾದಿದ್ದಳು. ಪರಾಂಚಿಯ ಮೇಲೆ ನಿಂತು ಪ್ರತಿ ಬೈಕಿನ ಸದ್ದಿಗೂ ತಿರುಗಿ ನೋಡಿದ್ದಳು. ಈಗ ತಿರುಗಲು ಮನಸ್ಸಾಗಲಿಲ್ಲ.

"ಅಭಿನಂದನೆಗಳ್ರಿ," ಎಂದಳು.

"ನಂಗ್ಯಾಕ್ರಿ?"

"ಪರಿಕಲ್ಪನೆ ನಿಮ್ದಂತಲ್ಲ." ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಕಲ್ಲು ಅವನಿಗೆ ಕಂಡಿತು.

ಅವನು ಓದಿದ. ಮುಖದ ಬಣ್ಣ ಇಳಿಯಿತು.

"ಇದು ನಂಗ ಗೊತ್ತ ಇಲ್ಲ."

"ನಿಮ್ಮ ಹೆಸರು ನಿಮಗ ಗೊತ್ತಿಲ್ಲ?"

"ಹೆಸರ ಗೊತ್ತೈತ್ರಿ. ಕಲ್ಲ ಗೊತ್ತಿಲ್ಲ."

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

"ನನ್ನ ವಹಿ ಕೊಡ್ರಿ," ಎಂದಳು. ವಹಿ ಎಂದರೆ ಅವಳ ಉದ್ದನೆಯ ನೋಟ್‌ಬುಕ್ಕು. ಗೋಡೆಯ ಮೇಲೆ ಬಂದ ಪ್ರತಿ ಗೆರೆಯೂ ಮೊದಲು ಹುಟ್ಟಿದ್ದು ಅದರಲ್ಲಿ.

"ವಹಿ ಆಫೀಸಿನ್ಯಾಗ ಇಟ್ಟ ಹೋಗಿದ್ದೆ. ಕಮಿಟಿಯವ್ರು ಬಣ್ಣ ನೋಡಿ ವಾಪಸ್ ಕೊಡ್ತೀವಿ ಅಂದಿದ್ರು..."

"ಆಫೀಸಿನ್ಯಾಗ ಇಲ್ಲ. ಒಳಗ ಗಾಜಿನ ಪೆಟಗಿಯಾಗ ಐತಿ. ಮ್ಯಾಲ ಚೀಟಿ ಹಚ್ಚ್ಯಾರ, ‘ಕಲಾವಿದ ಈಶ್ವರ ಅವರ ಕೈಬರಹದ ಟಿಪ್ಪಣಿಗಳು’ ಅಂತ. ಒಂದ ದಿವಸಕ್ಕಂತ ಇಸ್ಕೊಂಡು ಹೋದವ್ರು ನೀವ. ನಂಬಿ ಕೊಟ್ಟಾಕಿ ನಾನ."

"ನನ್ನ ಮಾತ ಕೇಳ್ರಿ..."

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಸಂಘದ ಅಧ್ಯಕ್ಷ, ಈಶ್ವರನ ಅಪ್ಪ ಮುರಗೆಪ್ಪ ಕೂಗಿದ: "ಏ ಈಶ್ವರಾ, ಅಲ್ಲೇನ ಮಾಡಾಕತ್ತಿ? ಶಾಲ ಹಿಡಕೊಂಡ ನಿಂತಾರ. ಲಗೂನ ಬಾ."

ಈಶ್ವರ ಅರೆಕ್ಷಣ ಅಪ್ಪನ ಕಡೆ ತಿರುಗಿದ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಶುಭಾಂಗಿ ತಾಯಿ ತುಳಸವ್ವನ ಕೈ ಹಿಡಿದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.

ಅಥಣಿ, ಚಿಕ್ಕೋಡಿ, ನಿಪ್ಪಾಣಿ. ಮೂರು ಬಸ್ಸು ಬದಲಿಸಿದರು. ಅವಳು ಅಳಲಿಲ್ಲ. ಅಳುವಿನಲ್ಲಿ ಇಳಿದುಹೋಗುವಷ್ಟು ಸಣ್ಣ ಸಿಟ್ಟು ಅದಾಗಿರಲಿಲ್ಲ.

‘ಎಲ್ಲಾರೂ ಹಂಗ ಅಂತ ಗೊತ್ತಿತ್ತು. ಇಂವ ಹಂಗಲ್ಲ ಅಂತ ಯಾಕ ಅನ್ಕೊಂಡೆ?’

* * *

ಯಾಕೆ ಅಂದುಕೊಂಡಿದ್ದಳು ಎಂಬುದಕ್ಕೆ ಕಾರಣವಿತ್ತು.

ಶುಭಾಂಗಿಯ ಅಪ್ಪ ರಾಜಾರಾಮ ಕಬ್ಬಿನ ಟ್ರಾಲಿಗಳಿಗೆ ಚಿತ್ರ ಬಿಡಿಸುವವನಾಗಿದ್ದ. ಕಾರ್ಖಾನೆಯ ಹಂಗಾಮು ಶುರುವಾಗುವ ಮೊದಲು ಭೋಜದ ಕ್ರಾಸಿನಲ್ಲಿ, ಅವನ ತಗಡಿನ ಶೆಡ್ಡಿನ ಮುಂದೆ ಟ್ರಾಲಿಗಳು ಸಾಲುಗಟ್ಟುತ್ತಿದ್ದವು. ಕಮಲ, ನವಿಲು, ಆಕಳು-ಕರು. ಎರಡು ಹಂಗಾಮಿನ ಬಿಸಿಲು-ಧೂಳಿಗೆ ಎಲ್ಲವೂ ಅಳಿಸಿಹೋಗುತ್ತಿದ್ದವು. ಉಳಿಯುತ್ತಿದ್ದುದು ವಹಿಗಳು ಮಾತ್ರ. ರಾಜಾರಾಮ ತೀರಿಕೊಂಡಾಗ ಟ್ರಂಕಿನಲ್ಲಿ ಇಪ್ಪತ್ತಮೂರು ವಹಿ ಇದ್ದವು. ಇಪ್ಪತ್ತನಾಲ್ಕನೆಯದನ್ನು ಮಗಳು ಶುರುಮಾಡಿದಳು. ಹೆಂಗಸು ಟ್ರಾಲಿ ಪೇಂಟ್ ಮಾಡುತ್ತಾಳಂತೆ ಎಂದು ಮೊದಲ ವರ್ಷ ನೋಡಲು ಬಂದವರು, ಎರಡನೇ ವರ್ಷ ಟ್ರಾಲಿ ತಂದರು.

ಹಾಗೆ ತಂದವರಲ್ಲಿ ಈಶ್ವರನೂ ಒಬ್ಬ. ಮಾಲಕರೆಲ್ಲ ಬಂದು, "ಎಂದ ಕೊಡ್ತೀ" ಎಂದಷ್ಟೇ ಕೇಳಿ ಹೋಗುತ್ತಿದ್ದರು. ಇವನು ಬಣ್ಣದ ಡ್ರಮ್ಮಿನ ಮೇಲೆ ಕುಳಿತು ವಹಿ ತಿರುವಿ ಹಾಕಿ, ಯಾವ ಮಾಲಕನೂ ಕೇಳದ್ದನ್ನು ಕೇಳಿದ.

"ಈ ನವಿಲಿಗಿ ಯಾಕ ಕಾಟ ಹೊಡದೀರಿ? ಛಲೋ ಐತಲ್ಲ."

"ಸುಳ್ಳ ನವಿಲ್ರಿ ಅದು."

"ಸುಳ್ಳ ಅಂದ್ರ?"

"ಕ್ಯಾಲೆಂಡರ್ ನೋಡಿ ಬಿಡಸಿದ್ದು. ಖರೇ ನವಿಲು ಹಿಂಗ ಫೋಟೋಕ್ಕ ನಿಂತಂಗ ನಿಲ್ಲೂದಿಲ್ಲ. ಅದಕ್ಕ ಯಾವಾಗ್ಲೂ ಗಡಿಬಿಡಿ."

ಅವನು ಆ ಹಾಳೆಯನ್ನು ಬಹಳ ಹೊತ್ತು ನೋಡಿದ. ಅಡ್ಡಗೆರೆ ಎಳೆದು ಹೊಡೆದುಹಾಕಿದ್ದನ್ನು ಹಾಗೆ ನೋಡಿದ ಗಂಡಸನ್ನು ಶುಭಾಂಗಿ ಅದೇ ಮೊದಲು ಕಂಡದ್ದು.

ಮುಂದಿನ ವಾರ ಬಂದು, "ನಮ್ಮ ಸಂಘದ ಗ್ವಾಡಿ ಐತಿ. ಟ್ರಾಲಿಕಿಂತ ದೊಡ್ಡದು. ಮಾಡ್ತೀರೇನ್ರಿ?" ಎಂದ.

ಮಾಡಿದಳು. ಆ ಗೋಡೆಗೆಂದೇ ಹೊಸ ವಹಿ ತೆರೆದಳು. ತುಳಸವ್ವನೂ ಜೊತೆಗೆ ಹೋಗಿ, ಆ ಹಂಗಾಮು ಅಲ್ಲೇ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೂಲಿಗೆ ನಿಂತಳು. ಈಶ್ವರ ದಿನವೂ ಪರಾಂಚಿಯ ಕೆಳಗೆ ಬಂದು ನಿಲ್ಲುತ್ತಿದ್ದ. ಅವಳನ್ನು ಹೊಗಳುತ್ತಿರಲಿಲ್ಲ. "ನಿನ್ನೆ ಇದ್ದ ಕೈ ಇವತ್ತ ಯಾಕ ಇಲ್ಲ?" ಎಂದು ಕೇಳುತ್ತಿದ್ದ. ಕೇಳಿಸಿಕೊಳ್ಳುವ ಮನುಷ್ಯನೊಬ್ಬ ಕೆಳಗೆ ನಿಂತಿದ್ದಾನೆ ಎಂಬುದೇ ಅವಳ ಕೈಗೆ ಬಲವಾಗಿತ್ತು.

ಅಂಥವನು ವಹಿ ಕೇಳಿದ. ಕೊಟ್ಟಳು. ಕಲ್ಲು ಬಂತು.

* * *

ನಾಲ್ಕು ದಿನ ಅವನ ಫೋನು ಅವಳು ಎತ್ತಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವನೇ ಭೋಜದ ಶೆಡ್ಡಿನ ಮುಂದೆ ನಿಂತಿದ್ದ. ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು.

ಮೊದಲು ಕಂಡವಳು ತುಳಸವ್ವ.

"ಯಾರಪಾ ನೀ? ಓ... ಪರಿಕಲ್ಪನೆ ಸಾಹೇಬ್ರಾ? ಬರ್ರಿ, ಬರ್ರಿ. ಕೂಲಿಕಾರ್ರ ಮನಿಗಿ ಬಂದೀರಿ, ಎಲ್ಲಿ ಕುಂಡ್ರಸೂದು ನಿಮ್ಮನ್ನ?"

"ನಿಂತಿರ್ತೀನ್ರಿ."

"ನಿಲ್ರಿ. ಎರಡ ತಿಂಗಳ ನನ್ನ ಮಗಳೂ ನಿಂತಾಳ."

ಶುಭಾಂಗಿ ಟ್ರಾಲಿಯ ಹಿಂಬದಿಗೆ ಬಣ್ಣ ಬಳಿಯುವುದನ್ನು ನಿಲ್ಲಿಸಲಿಲ್ಲ. "ಯಾಕ ಬಂದ್ರಿ?"

"ವಹಿ ತಂದೀನಿ." ಅವನು ಟವೆಲ್ಲು ಬಿಚ್ಚಿದ. "ಕ್ಲಾರ್ಕನ ಕಡಿಂದ ಕೀಲಿ ಇಸ್ಕೊಂಡು ತಗದೀನಿ. ಅಪ್ಪನ ಪ್ರಕಾರ ಕಳವು ಮಾಡೀನಿ."

ಅವಳ ಕೈ ನಿಂತಿತು.

"ಇದನ್ನ ನೋಡ್ರಿ," ಅವನು ಮೊದಲ ಹಾಳೆ ತೆರೆದು ಮೇಲ್ಗಡೆ ಬೆರಳಿಟ್ಟ. "ಆಮ್ಯಾಲ ಇದು. ಇದು. ಇದು. ಎಲ್ಲಾ ಹಾಳಿ ಮ್ಯಾಲ ಏನ್ ಬರದೀರಿ ಓದ್ರಿ."

ಅವಳು ಓದಿದಳು. ಅವಳದೇ ಅಕ್ಷರ. ಪ್ರತಿ ಹಾಳೆಯ ನೆತ್ತಿಯ ಮೇಲೆ: ಈಶ್ವರ ಮುರಗೆಪ್ಪ ಮಗದುಮ್, ಅನಂತಪುರ.

ಶುಭಾಂಗಿ ತಾನೇ ಇನ್ನೆರಡು ಹಾಳೆ ತಿರುವಿದಳು.

ಅವಳ ಅಪ್ಪ ಕಲಿಸಿದ ಮೊದಲ ಪಾಠ ಅದು. "ಆರ್ಡರ್ ಯಾರದು ಅನ್ನೂದನ್ನ ಮೊದಲ ಬರಿ ಬೇ, ಗೆರಿ ಆಮ್ಯಾಲ. ಇಲ್ಲಂದ್ರ ಒಬ್ಬನ ನವಿಲು ಇನ್ನೊಬ್ಬನ ಟ್ರಾಲಿಗಿ ಹೋಗತೈತಿ." ಹಾಳೆಯ ನೆತ್ತಿಗೆ ಮಾಲಕನ ಹೆಸರು ಬರೆಯದೆ ಪೆನ್ಸಿಲ್ ಆಡಿಸಿದ್ದೇ ಅವಳಿಗೆ ನೆನಪಿಲ್ಲ. ಅದು ಅವಳಿಗೆ ಉಸಿರಾಟದಂತೆ. ಟ್ರಾಲಿ ಪೇಂಟರುಗಳ ಪದ್ಧತಿ ತಿಳಿಯದವನು ಈ ವಹಿ ತೆರೆದರೆ ಏನು ತಿಳಿದಾನು?

"ಕ್ಲಾರ್ಕ್ ಇದನ್ನ ನೋಡಿ ಅಪ್ಪಗ ತೋರಸ್ಯಾನ," ಈಶ್ವರ ಹೇಳಿದ. "ಅಪ್ಪ ಎರಡ ದಿವಸ ಓದ್ಯಾನ. ಅವ್ವ ಹೇಳಿದ್ಲು, ಕಣ್ಣಾಗ ನೀರ ತಂದಿದ್ನಂತ. ‘ಈ ಮಗಾ ಬಾಯಿ ಬಿಡೂದಿಲ್ಲ, ಒಳಗ ಇಷ್ಟೆಲ್ಲ ವಿಚಾರ ಇಟ್ಟಾನಲ್ಲ’ ಅಂತ. ಮಗಾ ಹೇಳಿಕೊಟ್ಟಾನ, ಹುಡುಗಿ ಬಳದಾಳ ಅಂತ ಖರೇನ ನಂಬಿದ್ದ."

"ಈಗ?"

"ಅವತ್ತ ಸಂಜೀಕ ನಾ ಎಲ್ಲಾ ಹೇಳಿದೆ. ತಿಳೀಲಿಲ್ಲ ಅಂತಲ್ಲ. ತಿಳದೈತಿ. ಬಿಟ್ಟುಕೊಡಾಕ ತಯಾರಿಲ್ಲ."

ಶುಭಾಂಗಿ ಕುಂಚವನ್ನು ಡಬ್ಬಿಯ ಮೇಲಿಟ್ಟಳು. ತನ್ನ ತಪ್ಪು ಎಷ್ಟು, ಅವರದು ಎಷ್ಟು ಎಂದು ಬಿಡಿಸಿ ನೋಡಲು ಅವಳಿಗೆ ಹೆದರಿಕೆಯಿರಲಿಲ್ಲ.

"ನಿಮ್ಮನ್ನ ತಪ್ಪ ತಿಳದಿದ್ದೆ. ಅದು ನಂದು, ಒಪ್ಕೊಂಡೆ. ನಿಮ್ಮಪ್ಪ ಹೆಸರ ನೋಡಿ ತಿಳದಿದ್ದೂ ತಪ್ಪ. ಆದ್ರ ಗೊತ್ತಾದ ಮ್ಯಾಲೂ ಕಲ್ಲ ಹಂಗ ನಿಂತ್ರ ಅದಕ್ಕ ತಪ್ಪ ಅನ್ನೂದಿಲ್ರಿ. ಅನ್ಯಾಯ ಅಂತಾರ."

"ಹೌದ್ರಿ."

ಅವನು ವಾದಿಸಲಿಲ್ಲ. ಅವಳಿಗೆ ಅದೇ ಕಷ್ಟವಾಯಿತು... ವಾದಿಸಿದ್ದರೆ ಸಿಟ್ಟು ಉಳಿಯುತ್ತಿತ್ತು.

"ಇನ್ನೊಂದ ಮಾತೈತಿ," ಈಶ್ವರ ಹಾಳೆ ತಿರುವಿದ. "ಮೂವತ್ತೆಂಟನೇ ಹಾಳಿ."

"ಅದ ಬ್ಯಾಡ್ರಿ."

"‘ಗಾಳಿ ಹೆಂಗ ಬಿಡಸೂದು?’ ಅಂತ ಬರದೀರಿ. ಮೊದಲ ಪರದೆ ಬಿಡಸೀರಿ, ಕಾಟ ಹೊಡದೀರಿ. ಧೂಳ ಬಿಡಸೀರಿ, ಕಾಟ. ಅವ್ವನ ಸೆರಗ, ಅದಕ್ಕೂ ಕಾಟ, ‘ಸಿನಿಮಾ ಆತು’ ಅಂತ ಬರದೀರಿ. ಕಡೀಕ ಒಂದ ಅಂಗಿ. ಬೆನ್ನಿನ್ಯಾಗ ಉಬ್ಬಿದ್ದು. ಅದಕ್ಕ ಕಾಟ ಇಲ್ಲ." ಅವನ ದನಿ ತಗ್ಗಿತು. "ಆ ಅಂಗಿ ನಂದು."

"ಅಂಗಿ ಯಾರದರ ಇರಬಹುದು."

"ಕಿಸೇದಾಗ ದ್ರಾಕ್ಷಿ ಕತ್ತರಿ ಐತಿ."

ಶುಭಾಂಗಿ ಎಲ್ಲಿ ನೋಡುವುದೋ ತಿಳಿಯದೆ ಟ್ರಾಲಿಯ ಗಾಲಿ ನೋಡಿದಳು.

"ಅದರ ಕೆಳಗ ಬರದೀರಿ, ‘ಮಾರಿ ಬ್ಯಾಡ, ಕಣ್ಣ ಮೂಗ ಬ್ಯಾಡ. ಮಾರಿ ಬಿಡಸಿದ್ರ ಗ್ವಾಡಿ ಮುಗಿಯೂದಿಲ್ಲ’ ಅಂತ." ಅವನು ವಹಿ ಮುಚ್ಚಿ ಅವಳ ಕೈಗೆ ಕೊಟ್ಟ. "ನಾ ಈ ಸಾಲ ಓದಿ ಪುಣೆಕ್ಕ ಹೋದೆ. ಹತ್ತ ದಿವಸ ತರಬೇತಿಯಾಗ ಏನ್ ಹೇಳಿದ್ರೋ ಒಂದಕ್ಷರ ತಲಿಗಿ ಹೋಗಿಲ್ಲ."

ಒಳಗಿನಿಂದ ತುಳಸವ್ವನ ದನಿ: "ಚಾ ಆರಾಕತ್ತೈತಿ. ಮಾತ ಆಮ್ಯಾಲ ಆಡ್ರಿ, ಅವು ಆರೂದಿಲ್ಲ."

ಇಬ್ಬರೂ ನಕ್ಕರು.

"ಗ್ವಾಡಿ ಮುಗೀತಲ್ಲ ಶುಭಾಂಗಿ," ಅವನು ಮೆಲ್ಲಗೆ ಅಂದ.

"ಇಲ್ಲ. ಕಲ್ಲ ಹಂಗ ಇರೂತನಕ ಮುಗಿದಿಲ್ಲ."

"ಐತ್ವಾರ ಸತ್ಕಾರ ಇಟ್ಟಾರ. ಚಿಕ್ಕೋಡಿಯಿಂದ ಕಮಲಾಬಾಯಿ ಅಂತ ನಿವೃತ್ತ ಡ್ರಾಯಿಂಗ್ ಟೀಚರ್ ಬರಾಕತ್ತಾರ. ಪೆಟಗಿಯಾಗ ವಹಿ ನೋಡಿ ಹೋಗ್ಯಾರ. ಕಲಾವಿದನ ಕೂಡ ವೇದಿಕಿ ಮ್ಯಾಲ ಮಾತಾಡಬೇಕಂತ ಅವ್ರಿಗಿ. ನಾ ಎದ್ದ ನಿಂತು ಎಲ್ಲಾರ ಮುಂದ ಹೇಳ್ತೀನಿ, ಇದೆಲ್ಲಾ ನಿಮ್ದಂತ."

"ನೀವ ಹೇಳಿದ್ರ ನೀವ ಕೊಟ್ಟಂಗ ಆಗತೈತಿ. ನಂದ ನಂಗ ಯಾರೂ ಕೊಡೂದು ಬ್ಯಾಡ."

"ಮತ್ತ ನಾ ಏನ್ ಮಾಡ್ಲಿ?"

"ಕೇಳಿದಾಗ ಖರೇ ಹೇಳ್ರಿ. ಉಳದದ್ದು ನಾ ನೋಡ್ಕೋತೀನಿ."

* * *

ಭಾನುವಾರ ಹನ್ನೊಂದಕ್ಕೆ ಸಭಾಭವನದ ಮುಂದೆ ಶಾಮಿಯಾನ ತುಂಬಿತ್ತು. ವೇದಿಕೆಯ ಹಿಂದೆ ಗೋಡೆ. ಗೋಡೆಯ ತುಂಬ ಹೆಂಗಸು. ಒಬ್ಬಳೇ ಹೆಂಗಸು, ಹದಿನಾರು ಸಲ. ದ್ರಾಕ್ಷಿಯ ಬುಟ್ಟಿ ಎತ್ತಿ, ಬಾಗಿ, ಜಾಳಿಗೆಯ ಮೇಲೆ ಹರಡಿ, ಬೆವರು ಒರೆಸಿ... ಎಡತುದಿಯಲ್ಲಿ ಅವಳ ಸುತ್ತ ಹಸಿ ಹಸಿರು. ಬಲಕ್ಕೆ ಹೋದಂತೆ ಹಸಿರು ಹಳದಿಯಾಗಿ, ಕೊನೆಗೆ ಒಣದ್ರಾಕ್ಷಿಯ ಬಂಗಾರ.

ಕಮಲಾಬಾಯಿಗೆ ಎಪ್ಪತ್ತರ ಮೇಲಾಗಿತ್ತು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಪ್ರಶ್ನೆ ಬರೆದ ಚೀಟಿ. ಪಕ್ಕದ ಕುರ್ಚಿಯಲ್ಲಿ ಈಶ್ವರ. ಮುಂದಿನ ಸಾಲಿನಲ್ಲಿ ಮುರಗೆಪ್ಪ, ಮೀಸೆಯ ಮೇಲೆ ಕೈ.

"ಹಾಂ, ಈಶ್ವರ," ಕಮಲಾಬಾಯಿ ಶುರುಮಾಡಿದಳು, "ಹನ್ನೊಂದನೇ ಹೆಂಗಸ ನಮಗ ಬೆನ್ನ ತಿರುವಿ ನಿಂತಾಳ. ಯಾಕ?"

"ಗೊತ್ತಿಲ್ರಿ ಬಾಯಿ."

"ಹಸರು ಹೋಗ್ತ ಹೋಗ್ತ ಬಂಗಾರ ಆಗತೈತಿ. ಹೆಂಗ ಹೊಳೀತು?"

"ನಂಗ ಹೊಳೀಲಿಲ್ರಿ. ನಾ ಪೆನ್ಸಿಲ್ ಹಿಡದ್ರ ದ್ರಾಕ್ಷಿ ಹೋಗಿ ಬದನಿಕಾಯಿ ಆಗತಾವು. ಹೊಳದಾಕಿ ಅಲ್ಲಿ ಕುಂತಾಳ."

ಶಾಮಿಯಾನದ ಮಂದಿ ಹಿಂದಕ್ಕೆ ತಿರುಗಿ ನೋಡಿದರು. ಮುರಗೆಪ್ಪ ಅರ್ಧ ಎದ್ದ. "ಚಾಷ್ಟಿ ಮಾಡಾಕತ್ತಾನ್ರಿ ಅಂವ. ಸಣ್ಣಾವಿದ್ದಾಗಿಂದ ಹಿಂಗ."

ಶುಭಾಂಗಿ ಎದ್ದಳು. ಹಿಂದಿನ ಸಾಲಿನಿಂದ ವೇದಿಕೆಗೆ ಹೋಗುವ ದಾರಿ ಉದ್ದವಿತ್ತು. ಕೈಯಲ್ಲಿ ಎರಡು ವಹಿ. ಮೆಟ್ಟಿಲು ಹತ್ತಿ ಕಮಲಾಬಾಯಿಯ ಮುಂದೆ ಒಂದನ್ನು ತೆರೆದಿಟ್ಟಳು.

"ಮೊದಲನೇ ಹಾಳಿ ನೋಡ್ರಿ ಬಾಯಿ. ಕಮಿಟಿಯವ್ರು ದ್ರಾಕ್ಷಿ ಗೊಂಚಲ ಬೇಕು, ಹಿಂದ ಸೂರ್ಯಾ ಬೇಕು ಅಂದಿದ್ರು. ಬಿಡಸಿದೆ. ಕೆಳಗ ಏನ್ ಬರದೀನಿ?"

ಕಮಲಾಬಾಯಿ ಕನ್ನಡಕ ಏರಿಸಿದಳು. "‘ಬಿಸ್ಕಿಟ್ ಪಾಕೀಟು.’" ನಗು ಹರಡಿತು.

"ಅದಕ್ಕ ಕಾಟ ಹೊಡದು ಶೆಡ್ಡಿಗಿ ಹೋಗಿ ಕುಂತೆ. ದ್ರಾಕ್ಷಿ ಒಣಗಾಕ ಹದಿನಾರ ದಿವಸ ಹಿಡದೈತಿ. ದಿನಾ ಒಂದ ಹಣ್ಣ ತಂದು ಹಾಳಿ ಮ್ಯಾಲ ಇಟ್ಟು, ಅದರ ಬಾಜೂಕ ಅದ ಬಣ್ಣ ಕಲಸಿ ಹಚ್ಚೀನಿ. ಹದಿನಾರ ಚೌಕ. ರಸದ ಕಲಿ ಇನ್ನೂ ಐತಿ, ಮೂಸಿ ನೋಡ್ರಿ."

ಕಮಲಾಬಾಯಿ ನಿಜವಾಗಿಯೂ ಮೂಸಿ ನೋಡಿದಳು.

"ಅದ ಹದಿನಾರ ದಿವಸ ನಮ್ಮವ್ವನ್ನ ಬಿಡಸೀನಿ. ಅಕಿ ಅಲ್ಲೇ ಕೆಲಸಾ ಮಾಡಾಕತ್ತಿದ್ಲು. ಒಂದೂ ಬರೋಬ್ಬರಿ ಬರಲಿಲ್ಲ. ಮೂರನೇ ದಿವಸದ್ದು ಓದ್ರಿ."

"‘ನಾ ನೋಡಾಕತ್ತೀನಂತ ಗೊತ್ತಾಗಿ ಅವ್ವ ಸೆಟದ ನಿಂತಾಳ. ಸುಳ್ಳ.’ ಇದು ಏಳನೇದು... ‘ಕೈ ಖರೇ, ಕಾಲ ಸುಳ್ಳ.’" ಕಮಲಾಬಾಯಿ ಹಾಳೆ ತಿರುವಿದಳು. "ಹನ್ನೊಂದನೇದು ಬರೇ ಬೆನ್ನ ಐತಿ."

"ಅವತ್ತ ಅಕಿಗಿ ಬ್ಯಾಸರಾಗಿ ತಿರುಗಿ ನಿಂತ್ಲು."

ಹಿಂದಿನಿಂದ ತುಳಸವ್ವ ಎದ್ದು ನಿಂತೇಬಿಟ್ಟಳು. "ಮತ್ತೇನ್ರಿ? ದಿನಾ ಬಂದು ಮಾರಿ ನೋಡ್ತಾಳ. ನಾ ಏನ್ ಮೂರ್ತಿನ? ನಂಗ ಕೆಲಸ ಇರೂದಿಲ್ಲ?"

ಈ ಸಲ ಶಾಮಿಯಾನವೇ ನಕ್ಕಿತು. ನಗುವವರಲ್ಲಿ ಎಷ್ಟೋ ಮಂದಿ ಗೋಡೆ ನೋಡಿ, ತುಳಸವ್ವನನ್ನು ನೋಡಿ, ಮತ್ತೆ ಗೋಡೆ ನೋಡಿದರು.

"ಹದಿನಾರನೇ ದಿವಸ ಸಾಕಾಗಿತ್ರಿ," ಶುಭಾಂಗಿಯ ದನಿ ಈಗ ನಿಧಾನವಾಗಿತ್ತು. "‘ಯಾವ್ದೂ ಪೂರ್ತಿ ಅವ್ವ ಅಲ್ಲ’ ಅಂತ ಬರದು ವಹಿ ಒಗದಿದ್ದೆ. ಮರುದಿವಸ ತೆರೆದು ನೋಡಿದ್ರ, ಈ ಕಡೆ ಹದಿನಾರ ಬಣ್ಣ, ಆ ಕಡೆ ಕಾಟ ಹೊಡದ ಹದಿನಾರ ಅವ್ವ. ಎದುರಾ ಎದುರ ಕುಂತಿದ್ವು. ಅವಾಗ ಈ ಸಾಲ ಬರದೆ."

ಕಮಲಾಬಾಯಿ ಗಟ್ಟಿಯಾಗಿ ಓದಿದಳು: "‘ಒಂದ ಯಾಕ ಆರಸಬೇಕು? ಹದಿನಾರೂ ಗ್ವಾಡಿಗಿ ಹೋಗ್ಲಿ.’"

ಕಮಲಾಬಾಯಿ ವಹಿಯ ಮೇಲೆ ಅಂಗೈ ಇಟ್ಟಳು.

"ನಲವತ್ತ ವರ್ಷ ಹುಡುಗರ ಕಾಪಿ ಹಿಡದಾಕಿ ನಾನು. ಚಿತ್ರಾ ಕಾಪಿ ಮಾಡಾವ್ರನ್ನ ರಗಡ ನೋಡೀನಿ. ಎಲ್ಲಿ ತಪ್ಪಿದೆ, ಯಾಕ ತಪ್ಪಿದೆ, ತಪ್ಪಿದ್ದನ್ನ ಏನ್ ಮಾಡಿದೆ, ಇದನ್ನ ಕಾಪಿ ಮಾಡಿದಾಂವ ಒಬ್ಬನೂ ಸಿಕ್ಕಿಲ್ಲ. ಈ ವಹಿ ಇಕೀದು."

"ಹಂಗಾರ ಹಾಳಿ ಹಾಳಿಗೂ ನನ್ನ ಮಗನ ಹೆಸರ ಯಾಕೈತಿ?" ಮುರಗೆಪ್ಪನ ಕಡೆಯ ಆಸರೆ ಅದು.

ಶುಭಾಂಗಿ ಎರಡನೆಯ ವಹಿ ಎತ್ತಿ ಹಿಡಿದಳು. ರಾಜಾರಾಮನದು, ರಟ್ಟು ಸವೆದದ್ದು. "ಇದು ನಮ್ಮಪ್ಪಂದು. ಇದರಾಗೂ ಹಾಳಿಗೊಂದ ಹೆಸರೈತಿ. ಬಾಪುಸಾಹೇಬ, ರಾಯಬಾಗ. ಮಾಳಸಿದ್ದ, ಕಾಗವಾಡ. ಆರ್ಡರ್ ಕೊಟ್ಟವ್ರ ಹೆಸರ ಮೊದಲ ಬರಿಯೂದು ನಮ್ಮ ಪದ್ಧತಿ." ಅವಳು ಸಭೆಯ ಕಡೆ ತಿರುಗಿದಳು. "ಇಲ್ಲಿ ಟ್ರಾಲಿ ಇದ್ದವ್ರು ರಗಡ ಮಂದಿ ಅದೀರಿ. ಟ್ರಾಲಿ ಮ್ಯಾಲ ನಿಮ್ಮ ಹೆಸರೈತಿ. ಕೆಳಗಿನ ನವಿಲು ನೀವ ಬಿಡಸೀರೇನ್ರಿ?"

"ನನ್ನ ಕೈಲೆ ಬಿಡಸಿದ್ರ ಅದು ಕೋಳಿ ಆಗತಿತ್ತು," ಎಂದ ಯಾರೋ ನಡುವಿನಿಂದ.

* * *

ಸಭೆ ಚದುರುವ ಮೊದಲೇ ಮುರಗೆಪ್ಪ ಗೋಡೆಯ ಬಳಿ ಶುಭಾಂಗಿಯನ್ನು ತಡೆದ. ಕೈಯಲ್ಲಿ ಸೀರೆಯ ಪೊಟ್ಟಣ. ದನಿ ಮೆತ್ತಗಿತ್ತು.

"ನೋಡವಾ, ಆದದ್ದ ಆತು. ಕಲ್ಲಿನ ಕೆಳಗ ಒಂದ ಸಾಲ ಹಾಕಸ್ತೀನಿ. ‘ಸಹಾಯ: ಶುಭಾಂಗಿ’ ಅಂತ. ಸೀರಿ ತಗೋ. ಮನಿಗಿ ನಡಿ."

"ಸಹಾಯ ಯಾರಿಗಿ ಮಾಡೀನ್ರಿ ನಾ?"

"ಮಾತ ಬೆಳಸಬ್ಯಾಡ. ಸಂಘದ ಗ್ವಾಡಿ ಐತಿ. ಯಾರ ಹೆಸರ ಇರಬೇಕು ಅನ್ನೂದು ನಾಕ ಮಂದಿ ಠರಾಸತಾರ. ಎಲ್ಲಾರ ಹೆಸರೂ ಎಲ್ಲಾ ಕಡೆ ಬರಿಯಾಕ ಆಗೂದಿಲ್ಲ. ನಿಮಗೂ ಗೊತ್ತೈತಿ."

"ಗೊತ್ತೈತ್ರಿ," ತುಳಸವ್ವ ಮಗಳ ಪಕ್ಕಕ್ಕೆ ಬಂದು ನಿಂತಳು. "ಭೋಜದ ಬುದ್ಧವಿಹಾರದ ಓಣಿಯ ದಲಿತರ ಹೆಸರ ಬರಿಯಾಕ ಆಗೂದಿಲ್ಲ ಅಂತ ಬಾಯಿಬಿಟ್ಟ ಹೇಳ್ರಿ ಗೌಡ್ರ. ನನ್ನ ಮಾರಿ ಹದಿನಾರ ಸಲ ಗ್ವಾಡಿ ಮ್ಯಾಲ ನಡೀತೈತಿ, ನನ್ನ ಮಗಳ ಹೆಸರ ಒಂದ ಸಲ ನಡಿಯೂದಿಲ್ಲೇನ?"

ಮುರಗೆಪ್ಪ ಸೀರೆಯನ್ನು ಶುಭಾಂಗಿಯ ಕಡೆ ಇನ್ನಷ್ಟು ಚಾಚಿದ.

ಶುಭಾಂಗಿ ಸೀರೆಯ ಪೊಟ್ಟಣವನ್ನು ಮುಟ್ಟಲಿಲ್ಲ. "ಕಲ್ಲ ನಿಮ್ದು. ಏನರ ಕೆತ್ತಸ್ರಿ. ಗ್ವಾಡಿ ಮ್ಯಾಲಿನ ಚಿತ್ರಾ ನಂದು."

ಅವಳು ಈಶ್ವರನ ಕಡೆ ನೋಡಿದಳು. ಅವನು ಉಗ್ರಾಣಕ್ಕೆ ಹೋಗಿ, ಉಳಿದಿದ್ದ ಕರಿ ಬಣ್ಣದ ಡಬ್ಬಿ, ಒಂದು ಕುಂಚ ತಂದ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಪಕ್ಕ ನಿಂತ.

ಹದಿನಾರನೆಯ ತುಳಸವ್ವನ ಕಾಲ ಬಳಿ, ಬಂಗಾರದ ಬಣ್ಣದ ಮೇಲೆ, ಶುಭಾಂಗಿ ಕುಂಚವೂರಿದಳು.

ಗೋಡೆಯ ಮೇಲೆ ‘ಶು’ ಮೂಡಿತು.

ಮನೆಗೆ ಹೊರಟಿದ್ದ ಮಂದಿ ಒಬ್ಬೊಬ್ಬರಾಗಿ ತಿರುಗಿ ಬಂದರು. ಕಮಲಾಬಾಯಿ ಕುರ್ಚಿ ಎಳೆಸಿಕೊಂಡು ಕುಳಿತಳು.

"ಎರಡೂ ಕೈಲೆ ಯಾಕ ಹಿಡದೀರಿ?" ಶುಭಾಂಗಿ ಗೋಡೆಯಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು.

"ಡಬ್ಬಿ ಭಾರ ಐತಿ."

"ಅದರಾಗ ಪಾವ ಲೀಟರ್ ಬಣ್ಣ ಐತಿ."

"ಬಣ್ಣದ್ದ ಭಾರ ಅಲ್ಲದು." ಅವನು ಉಸಿರು ತೆಗೆದುಕೊಂಡ. "ಒಂದ ಕೇಳಬೇಕಾಗಿತ್ತು. ಇಲ್ಲಿ ಕೇಳೂದ ಬ್ಯಾಡ ಅನಸ್ತೈತಿ. ಆದ್ರ ಇಷ್ಟ ಧೈರ್ಯ ನಾಳೆ ಇರತೈತೋ ಇಲ್ಲೋ..."

"ಕೇಳ್ರಿ."

"ನಿನ್ನ ಕೂಡ ಇರಬೇಕು ಅನಸ್ತೈತಿ ಶುಭಾಂಗಿ. ಮದುವಿ ಆಗಿ. ನೀ ಕಾಟ ಹೊಡಿಯೂದನ್ನ ನೋಡ್ಕೋತ."

ಕುಂಚ ‘ಭಾಂ’ ಮೇಲೆ ಒಂದು ಕ್ಷಣ ನಿಂತಿತು. ಅವಳ ಕಿವಿ ಕೆಂಪಾದವು. ಗೆರೆ ಮಾತ್ರ ಅಲುಗಲಿಲ್ಲ.

"ಇರೋಣು," ಎಂದಳು. "ನಿಮ್ಮ ಮಾರಿನೂ ಬಿಡಸ್ತೀನಿ ಇನ್ನ. ಡಬ್ಬಿ ನೆಟ್ಟಗ ಹಿಡೀರಿ."

"ಈಶ್ವರಾ." ಮುರಗೆಪ್ಪನ ದನಿ ಈಗ ಮೆತ್ತಗಿರಲಿಲ್ಲ. ನಾಲ್ಕು ಮಂದಿ ಸಂಘದವರು ಅವನ ಹಿಂದೆ ನಿಂತಿದ್ದರು. "ಡಬ್ಬಿ ಕೆಳಗ ಇಡು. ಮನಿಗಿ ನಡಿ."

ಈಶ್ವರ ಅಪ್ಪನ ಕಡೆ ತಿರುಗಿದ. ಈ ಸಲ ಪೂರ್ತಿ ತಿರುಗಿದ. ಡಬ್ಬಿ ಇದ್ದಲ್ಲೇ ಇತ್ತು, ಅವಳ ಕೈಗೆ ಎಟುಕುವಷ್ಟು ಹತ್ತಿರ.

"ಡಬ್ಬಿ ಕೆಳಗ ಇಡಂದೆ."

"ಇಡೂದಿಲ್ಲಪ್ಪ," ಎಂದ ಈಶ್ವರ. "ಅಕೀದು ಇನ್ನೂ ಒಂದ ಅಕ್ಷರ ಐತಿ."